ಸೀರೆಯಂಚಿನ ಕೆಳಗೆ ಮುಚ್ಚಿಟ್ಟ ನೋವು

ರಾತ್ರಿಯ ಅಡಿಗೆ ಮುಗಿಯಿತು, ಎಲ್ಲರ ಊಟವಾಯಿತು, ಪಾತ್ರೆ ತೊಳೆದಿಟ್ಟದ್ದೂ ಆಯಿತು. ಇನ್ನಾದರೂ ಒಂದು ಗಳಿಗೆ ಕೂರೋಣವೆಂದು ಕುಳಿತಾಗ ನಿಮ್ಮ ಕಾಲುಗಳು ಕಲ್ಲು ಕಟ್ಟಿದ ಹಾಗೆ ಭಾರವಾಗಿವೆಯೇ? ಹರಡಿನ ಸುತ್ತ ಬಾವು ಬಂದು ಕಾಲುಗೆಜ್ಜೆ ಬಿಗಿಯಾಗಿದೆಯೇ? ಮೀನಖಂಡದ ಮೇಲೆ ನೀಲಿ ನಾಳಗಳು ಹಗ್ಗದಂತೆ ಸುರುಳಿ ಸುತ್ತಿಕೊಂಡು ಎದ್ದು ಕಾಣುತ್ತವೆಯೇ? ಹಾಗಿದ್ದರೆ ಈ ನಾಲ್ಕು ಮಾತು ನಿಮಗಾಗಿಯೇ.

“ಅಯ್ಯೋ, ನರ ಉಬ್ಬಿದೆ ಅಷ್ಟೆ. ಎರಡು ಹೆತ್ತ ಮೇಲೆ ಯಾರಿಗಿಲ್ಲ?” ಅಂತೀರಾ? ನನ್ನ ಸೋದರತ್ತೆಯೂ ಹೀಗೇ ಅನ್ನುತ್ತಿದ್ದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಕರಿಹಲಗೆಯ ಮುಂದೆ ನಿಂತವರು ಅವರು. ಕಾಲು ಯಾರ ಕಣ್ಣಿಗೂ ಬೀಳದಂತೆ ಸೀರೆಯನ್ನು ನೆಲ ಮುಟ್ಟಿಸಿ ಉಡುತ್ತಿದ್ದರು. ಒಂದು ಹಬ್ಬದ ಬೆಳಿಗ್ಗೆ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಲು ಬಗ್ಗಿದಾಗ ಸೀರೆಯಂಚು ಸರಿಯಿತು. ಹರಡಿನ ಮೇಲೆ ಚರ್ಮವೆಲ್ಲ ಕಪ್ಪಾಗಿ, ನಡುವೆ ರೂಪಾಯಿ ನಾಣ್ಯದಗಲದ ಹುಣ್ಣು.

“ಇದೇನತ್ತೆ! ಎಷ್ಟು ದಿನದಿಂದ?” ಎಂದೆ.

“ದಿನ ಎಲ್ಲಿ ಬಂತೇ, ಯುಗಾದಿಗೆ ವರ್ಷವಾಗುತ್ತೆ. ನಿಮ್ಮ ಮಾವನಿಗೆ ಹೇಳಬೇಡ. ಆಪರೇಷನ್ ಅಂತಾರೆ. ಕಾಲು ಕೊಯ್ಸಿಕೊಂಡು ತಿಂಗಳುಗಟ್ಟಲೆ ಮಲಗಿದರೆ ಮನೆ ನೋಡೋರು ಯಾರು?”

ಅತ್ತೆಯ ಭಯ ಸುಳ್ಳೇನಲ್ಲ, ಆದರೆ ಹಳೆಯದು. ಇಂದು ಕಾಲು ಕೊಯ್ಯದೆ, ನಾಳದ ಒಳಗಿನಿಂದಲೇ ಶಾಖ ಕೊಟ್ಟು ಅದನ್ನು ಮುಚ್ಚುವ ಚಿಕಿತ್ಸೆ ಇದೆ. ಇದನ್ನು ತಿಳಿಯದೆ ನೋವನ್ನು ಮುಚ್ಚಿಟ್ಟುಕೊಂಡ ಅಕ್ಕತಂಗಿಯರು ಎಷ್ಟು ಜನರೋ!

ನರವಲ್ಲ, ರಕ್ತನಾಳ

ನಾವು ಬಾಯಿಮಾತಿಗೆ ‘ನರ’ ಅನ್ನುತ್ತೇವೆ. ನಿಜಕ್ಕೂ ಇವು ಕೆಳಗಿನ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿಗಳು. ಡಾಕ್ಟರುಗಳು ಈ ತೊಂದರೆಯನ್ನು ‘ವೆರಿಕೋಸ್ ವೇನ್ಸ್’ ಎನ್ನುತ್ತಾರೆ.

ಬಾವಿಯ ಪಂಪಿಗೆ ಫುಟ್‌ವಾಲ್ವ್ ಇರುತ್ತದಲ್ಲ? ಮೇಲಕ್ಕೇರಿದ ನೀರು ಮತ್ತೆ ಬಾವಿಗೆ ಇಳಿಯದಂತೆ ಅದು ತಡೆಯುತ್ತದೆ. ಕಾಲಿನ ಅಭಿಧಮನಿಗಳಲ್ಲೂ ಇಂಥ ಪುಟ್ಟ ಪುಟ್ಟ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟಗಳು ಅದನ್ನು ಕೆಳಕ್ಕೆ ಬಿಡುವುದಿಲ್ಲ. ಕವಾಟ ಸಡಿಲವಾಯಿತೋ, ರಕ್ತ ಕೆಳಗಿಳಿದು ನಿಲ್ಲುತ್ತದೆ, ನಾಳ ಹಿಗ್ಗಿ ಸುರುಳಿಯಾಗುತ್ತದೆ. ಹೆಚ್ಚಾಗಿ ಕೆಡುವುದು ಹರಡಿನ ಒಳಮಗ್ಗುಲಿನಿಂದ ತೊಡೆಸಂದಿನವರೆಗೆ ಚರ್ಮದಡಿ ಸಾಗುವ ಉದ್ದನೆಯ ಅಭಿಧಮನಿ.

ಹೆಂಗಸರಿಗೇ ಏಕೆ ಈ ಕಾಟ? ಗಂಡಸರಿಗೂ ಬರುತ್ತದೆ. ಆದರೆ ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹಾರ್ಮೋನುಗಳಿಂದ ನಾಳದ ಗೋಡೆ ಸಡಿಲವಾಗುತ್ತದೆ, ಬೆಳೆಯುವ ಗರ್ಭಕೋಶ ಹೊಟ್ಟೆಯೊಳಗಿನ ನಾಳಗಳನ್ನು ಒತ್ತುತ್ತದೆ. ಜೊತೆಗೆ ತಾಯಿಯಿಂದಲೋ ತಂದೆಯಿಂದಲೋ ಬಂದ ಗುಣ, ಮೈಭಾರ, ಹೊತ್ತುಗಟ್ಟಲೆ ನಿಂತು ಮಾಡುವ ಕೆಲಸ. ಉಪಾಧ್ಯಾಯಿನಿಯರು, ನರ್ಸುಗಳು, ಅಂಗಡಿಯಲ್ಲಿ ದುಡಿಯುವವರು, ಒಲೆಯ ಮುಂದೆ ನಿಲ್ಲುವ ನಾವು, ಎಲ್ಲರೂ ಈ ಸಾಲಿನವರೇ.

ಹೋಗಲಿ ಬಿಡು ಎಂದು ಬಿಟ್ಟರೆ ಕೆಲವರಿಗೆ ತುರಿಕೆ, ಚರ್ಮ ಕಪ್ಪಾಗುವುದು, ಕೊನೆಗೆ ಅತ್ತೆಗೆ ಬಂದಂಥ ಮಾಯದ ಹುಣ್ಣು. ಉಬ್ಬಿದ ನಾಳ ಒಡೆದು ರಕ್ತ ಹರಿಯುವುದೂ ಉಂಟು.

ಶಾಖ ಒಳಗಿನಿಂದ

ಹಿಂದೆ ಇದಕ್ಕೆ ಮುಖ್ಯ ಶಸ್ತ್ರಕ್ರಿಯೆ ಒಂದೇ. ಅರಿವಳಿಕೆ ಕೊಟ್ಟು, ತೊಡೆಸಂದಿನಲ್ಲಿ ಕೊಯ್ದು, ಕೆಟ್ಟ ನಾಳವನ್ನು ಎಳೆದು ತೆಗೆಯುತ್ತಿದ್ದರು. ಅದು ಈಗಲೂ ಇದೆ, ಕೆಲವರಿಗೆ ಬೇಕಾಗುತ್ತದೆ. ಆದರೆ 1990ರ ದಶಕದ ಕೊನೆಯಲ್ಲಿ ದಾರಿ ಬದಲಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರೇಡಿಯೋ ಫ್ರೀಕ್ವೆನ್ಸಿ ವಿಧಾನಕ್ಕೆ 1999ರಲ್ಲಿ, ಲೇಸರ್ ವಿಧಾನಕ್ಕೆ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2013ರಲ್ಲಿ ಮೊದಲ ಆಯ್ಕೆ ಶಾಖ, ಅದು ಹೊಂದದಿದ್ದರೆ ನೊರೆಯ ಇಂಜೆಕ್ಷನ್, ಅದೂ ಹೊಂದದಿದ್ದರೆ ಶಸ್ತ್ರಕ್ರಿಯೆ ಎಂದು ಹೇಳಿತು. ಇಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಮ್ಮ ಊರುಗಳಲ್ಲೂ ಈ ಚಿಕಿತ್ಸೆ ಸಿಗುತ್ತದೆ.

ಮಾಡುವುದು ಹೇಗೆ? ಮೊದಲು ಡಾಪ್ಲರ್ ಸ್ಕ್ಯಾನ್. ನಿಮ್ಮನ್ನು ನಿಲ್ಲಿಸಿ ಯಾವ ಕವಾಟ ಕೆಟ್ಟಿದೆ, ಆಳದ ನಾಳಗಳು ಸರಿಯಿವೆಯೇ ಎಂದು ನೋಡುತ್ತಾರೆ. ಈ ಸ್ಕ್ಯಾನ್ ಇಲ್ಲದೆ ಚಿಕಿತ್ಸೆ ಮಾಡುತ್ತೇವೆಂದರೆ ಒಪ್ಪಬೇಡಿ.

ಚಿಕಿತ್ಸೆಯ ದಿನ ಮೊಣಕಾಲಿನ ಹತ್ತಿರ ಸೂಜಿಯ ರಂಧ್ರದಷ್ಟೇ ದಾರಿ ಮಾಡಿ, ಸ್ಕ್ಯಾನಿನ ಪರದೆ ನೋಡುತ್ತ ತೆಳ್ಳನೆಯ ಎಳೆಯೊಂದನ್ನು ನಾಳದೊಳಗೆ ತೊಡೆಸಂದಿನ ಸಮೀಪದವರೆಗೆ ಸಾಗಿಸುತ್ತಾರೆ. ನಾಳದ ಸುತ್ತಲೂ ಮರಗಟ್ಟಿಸುವ ಔಷಧಿ ಬೆರೆತ ಉಪ್ಪುನೀರನ್ನು ಚುಚ್ಚುತ್ತಾರೆ. ಚುಚ್ಚಿಸಿಕೊಳ್ಳುವಾಗ ಸ್ವಲ್ಪ ನೋವಾಗುವುದು ಇಲ್ಲೇ. ಈ ನೀರಿನಿಂದ ಮೂರು ಉಪಕಾರ: ಜಾಗ ಮರಗಟ್ಟುತ್ತದೆ, ನಾಳ ಎಳೆಗೆ ಅಂಟಿಕೊಳ್ಳುತ್ತದೆ, ಸುತ್ತಲಿನ ಚರ್ಮ ನರಗಳಿಗೆ ಬಿಸಿ ತಾಗುವುದಿಲ್ಲ.

ಆಮೇಲೆ ಶಾಖ. ಬಳಕೆಯಲ್ಲಿರುವ ಒಂದು ರೇಡಿಯೋ ಫ್ರೀಕ್ವೆನ್ಸಿ ಸಾಧನದಲ್ಲಿ ಎಳೆಯ ತುದಿಯ 7 ಸೆಂಟಿಮೀಟರ್ ಭಾಗ 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. 20 ಸೆಕೆಂಡು ಕಾಯಿಸಿ, ಹಿಂದಕ್ಕೆಳೆದು, ಮುಂದಿನ ತುಂಡನ್ನು ಕಾಯಿಸುತ್ತಾರೆ. ಲೇಸರ್ ಆದರೆ ಬೆಳಕಿನ ಶಕ್ತಿಯೇ ಶಾಖವಾಗುತ್ತದೆ. ಬಿಸಿ ತಾಗಿದ ನಾಳ ಸಂಕುಚಿಸಿ ಮುಚ್ಚಿಹೋಗುತ್ತದೆ. ಮುಂದಿನ ತಿಂಗಳುಗಳಲ್ಲಿ ಸಣ್ಣ ನಾರಿನಂತಾಗುತ್ತದೆ. ಸುಮಾರು ಒಂದು ಗಂಟೆಯ ಕೆಲಸ. ಹೊಲಿಗೆಯಿಲ್ಲ, ಅಂದೇ ನಡೆದುಕೊಂಡು ಮನೆಗೆ ಬರಬಹುದು.

“ನಾಳ ಮುಚ್ಚಿದರೆ ರಕ್ತ ಎಲ್ಲಿಂದ ಹೋಗುತ್ತೆ?” ಎಂದು ಅತ್ತೆ ಡಾಕ್ಟರನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಕಾಲಿನ ರಕ್ತದಲ್ಲಿ ಬಹುಪಾಲು ಮೇಲೇರುವುದು ಆಳದ ನಾಳಗಳಿಂದ. ಕೆಟ್ಟ ನಾಳ ರಕ್ತವನ್ನು ಕೆಳಕ್ಕೇ ಬಿಡುತ್ತಿತ್ತಲ್ಲ, ಅದು ಮುಚ್ಚಿದರೆ ಲಾಭವೇ.

ಆದರೆ ಒಂದು ಎಚ್ಚರಿಕೆ. ಶಾಖದ ಚಿಕಿತ್ಸೆ ಎಂದೊಡನೆ ಬಿಸಿನೀರಿನ ಚೀಲ ತರಬೇಡಿ! ಹೊರಗಿನ ಬಿಸಿಗೆ ನಾಳ ಇನ್ನಷ್ಟು ಹಿಗ್ಗುತ್ತದೆ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ಬೇಡ.

ಎಲ್ಲರಿಗೂ ಬೇಕೇ?

ಬೇಡ. ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದು ತೊಂದರೆಯಿಲ್ಲದಿದ್ದರೆ ಹಣ ಸುರಿಯಬೇಕಾಗಿಲ್ಲ. ಬಸಿರಿಯರಿಗೆ ಇದನ್ನು ಮಾಡುವುದಿಲ್ಲ. ಹೆರಿಗೆಯಾದ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ಉಬ್ಬು ತಾನೇ ಇಳಿಯುತ್ತದೆ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ನಾಳ ಬಹಳ ಸುರುಳಿಯಾಗಿದ್ದರೆ ಬೇರೆ ದಾರಿ ನೋಡಬೇಕು.

ತೊಂದರೆಯೇ ಇಲ್ಲವೆಂದೂ ಅಲ್ಲ. ಕೆಲವು ದಿನ ಕಂದುಗಟ್ಟುವುದು, ನಾಳದುದ್ದಕ್ಕೂ ಬಿಗಿತ, ಅಲ್ಲಲ್ಲಿ ಜೋಮು ಸಾಮಾನ್ಯ. ಆಳದ ನಾಳದಲ್ಲಿ ಹೆಪ್ಪು, ಚರ್ಮ ಸುಡುವುದು ಅಪರೂಪ. ವರ್ಷಗಳ ನಂತರ ಬೇರೆ ನಾಳ ಉಬ್ಬಲೂಬಹುದು. ಇವೆಲ್ಲವನ್ನೂ ಕೇಳಿ ತಿಳಿಯಿರಿ. ಖರ್ಚೆಷ್ಟು, ಒಂದು ಕಾಲಿಗೋ ಎರಡಕ್ಕೋ, ವಿಮೆಯಲ್ಲಿ ಸಿಗುತ್ತದೆಯೋ ಎಂದು ಮೊದಲೇ ಕೇಳಲು ಸಂಕೋಚ ಬೇಡ.

ಆದರೆ ಹುಣ್ಣಾಗಿದ್ದರೆ ಕಾಯಬೇಡಿ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಇಂಥ ಹುಣ್ಣಿನ 450 ಜನರನ್ನು ನೋಡಿದರು. ಎಲ್ಲರಿಗೂ ಒತ್ತುಪಟ್ಟಿ ಕಟ್ಟಿದರು. ಬೇಗನೆ ನಾಳ ಮುಚ್ಚಿಸಿಕೊಂಡವರಲ್ಲಿ ಅರ್ಧ ಜನರ ಹುಣ್ಣು 56 ದಿನದೊಳಗೆ ಮಾಯಿತು; ತಡಮಾಡಿದವರಲ್ಲಿ ಅಷ್ಟಕ್ಕೆ 82 ದಿನ ಹಿಡಿಯಿತು.

ಮನೆಯಲ್ಲಿ ನೆನಪಿಡಿ

● ನಿಂತ ಕೆಲಸದ ನಡುವೆ ಹಿಮ್ಮಡಿ ಎತ್ತಿ ಇಳಿಸಿ. ಪ್ರತಿದಿನ ನಡೆಯಿರಿ.

● ತರಕಾರಿ ಹೆಚ್ಚುವುದು, ಬೇಳೆ ಆರಿಸುವುದು ಕುಳಿತೇ ಆಗಲಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬಿಡಿ.

● ಒತ್ತುವ ಕಾಲುಚೀಲವನ್ನು ಅಳತೆ ಕೊಟ್ಟು ಕೊಳ್ಳಿ, ಬೆಳಿಗ್ಗೆ ಹಾಸಿಗೆಯಿಂದೇಳುವ ಮೊದಲೇ ಹಾಕಿ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ಹಾಕಬೇಡಿ.

● ನಾಳ ಒಡೆದು ರಕ್ತ ಹರಿದರೆ ನಿಂತಿರಬೇಡಿ. ಕೂಡಲೇ ಮಲಗಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಸಿ, ಆಸ್ಪತ್ರೆಗೆ ಹೋಗಿ.

● ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯುತ್ತಿದ್ದರೆ ಅಂದೇ ಡಾಕ್ಟರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ಒಂದು ನಿಮಿಷವೂ ತಡಮಾಡಬೇಡಿ.

ಅತ್ತೆಯ ಕಥೆ ಏನಾಯಿತು ಅಂತೀರಾ? ಮಾವನಿಗೆ ನಾನೇ ಹೇಳಿದೆ. “ಇಷ್ಟು ದಿನ ನನಗೇಕೆ ಹೇಳಲಿಲ್ಲ?” ಎಂದು ಅವರು ಕೇಳಿದ್ದು ಅಷ್ಟೇ. ಚಿಕಿತ್ಸೆಯಾದ ಸಂಜೆ ಅತ್ತೆ ತಮ್ಮ ಕಾಲ ಮೇಲೆ ನಡೆದು ಮನೆಗೆ ಬಂದರು. ಹುಣ್ಣು ಮಾಯಲು ಎರಡು ತಿಂಗಳಿಗೂ ಮೇಲೆ ಹಿಡಿಯಿತು. ಚರ್ಮದ ಕಪ್ಪು ಪೂರ್ತಿ ಹೋಗಿಲ್ಲ. “ಆಪರೇಷನ್ನಿಗಿಂತ ಈ ಕಾಲುಚೀಲ ಏರಿಸೋದೇ ಕಷ್ಟ ಕಣೇ” ಎಂದು ಈಗಲೂ ಗೊಣಗುತ್ತಾರೆ. ಆದರೆ ಸೀರೆಯನ್ನು ಹರಡಿನ ಮೇಲಕ್ಕೆ ಉಟ್ಟು ಬೆಳಗಿನ ವಾಕಿಂಗ್ ಹೋಗುತ್ತಾರೆ.

ಇಂದು ರಾತ್ರಿ ಕೆಲಸ ಮುಗಿದ ಮೇಲೆ ದೀಪದ ಬೆಳಕಿನಲ್ಲಿ ನಿಮ್ಮ ಕಾಲನ್ನೊಮ್ಮೆ ನೋಡಿಕೊಳ್ಳಿ. ನಿಮ್ಮ ಅಮ್ಮನ ಕಾಲನ್ನೂ, ಅತ್ತೆಯ ಕಾಲನ್ನೂ ನೋಡಿ. ಅವರಾಗಿ ತೋರಿಸುವುದಿಲ್ಲ. ನೀವೇ ಕೇಳಬೇಕು.