ಲಕ್ಷ್ಮೀಶ ಫೋನಿನಲ್ಲಿದ್ದಾನೆ, ತೋರಿಸಿಕೊಡುವವರು ಬೇಕು

ಕಡೂರು ತಾಲ್ಲೂಕಿನ ದೇವನೂರಿನ ಕವಿಯನ್ನು ಓದಬೇಕು ಎಂದುಕೊಂಡು ಫೋನಿನಲ್ಲಿ ‘ದೇವನೂರು ಪುಸ್ತಕ’ ಎಂದು ಬರೆದು ನೋಡಿ. ಹೆಚ್ಚಾಗಿ ಎದುರಾಗುವುದು ದೇವನೂರ ಮಹಾದೇವರ ‘ಕುಸುಮಬಾಲೆ’, ‘ಒಡಲಾಳ’. ಓದಲೇಬೇಕಾದ ಪುಸ್ತಕಗಳು, ತಕರಾರಿಲ್ಲ. ಆದರೆ ಆ ದೇವನೂರು ನಂಜನಗೂಡು ತಾಲ್ಲೂಕಿನದು. ನಮ್ಮ ದೇವನೂರಿನವನು ‘ಜೈಮಿನಿ ಭಾರತ’ದ ಲಕ್ಷ್ಮೀಶ. ಸರಿ, ಕೃತಿಯ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ? ಆಗ ಪಿಲ್ಲಲಮರ್ರಿ ಪಿನವೀರಭದ್ರನ ತೆಲುಗು ‘ಜೈಮಿನಿ ಭಾರತಮು’ ನಡುವೆ ನುಸುಳುತ್ತದೆ, ಸಂಸ್ಕೃತದ ಜೈಮಿನೀಯ ಅಶ್ವಮೇಧ ಪರ್ವ ಬರುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಜೈಮಿನಿ ಪಿಡಿಎಫ್ ಇದ್ದರೆ ಕಳಿಸಿ’ ಎಂದು ಕೇಳಿದವರಿಗೆ ಒಂದು ಕಡತ ಬಂದು ಬೀಳುತ್ತದೆ. ತೆರೆದರೆ ಮೊದಲ ಎಂಟು ಪುಟ ಇಲ್ಲ, ಕೊನೆಯ ಸಂಧಿಯೂ ಇಲ್ಲ. ಕಳಿಸಿದವರು ತೆರೆದು ನೋಡಿರುವುದಿಲ್ಲ. ಕೇಳಿದವರೂ ‘ಧನ್ಯವಾದ’ ಹೇಳಿ ಅಲ್ಲಿಗೆ ಬಿಡುತ್ತಾರೆ.

ಕನ್ನಡದಲ್ಲಿ ಇ-ಪುಸ್ತಕಗಳೇ ಇಲ್ಲ ಎನ್ನುವ ದೂರು ಈಗ ಹಳೆಯದಾಯಿತು. ಕಣದ ತುಂಬ ರಾಶಿ ಬಿದ್ದಿದೆ, ತೂರಿ ಕೊಡುವವರು ಕಡಿಮೆ. ಯಾವುದು ಓದಲು ಯೋಗ್ಯ, ಅದರಲ್ಲೂ ಯಾವ ಮುದ್ರಣ, ಎಲ್ಲಿ ಸಿಗುತ್ತದೆ, ಎಲ್ಲಿಂದ ಶುರು ಮಾಡಬೇಕು ಎಂದು ಹೇಳುವ ಒಬ್ಬ ಮನುಷ್ಯನ ಕೊರತೆಯೇ ಇವತ್ತಿನ ನಿಜವಾದ ಕೊರತೆ.

ಲಕ್ಷ್ಮೀಶನಿಗೆ ಒಂದು ಕಾಲದಲ್ಲಿ ಈ ಕೊರತೆ ಇರಲಿಲ್ಲ. ಹಳೆ ಮೈಸೂರಿನ ಕೂಲಿಮಠಗಳಲ್ಲಿ ಅಮರಕೋಶದ ಜೊತೆಗೆ ಜೈಮಿನಿಯೂ ಪಾಠ. ಅಕ್ಷರ ಬಾರದವರಿಗೂ ಸುಧನ್ವನ ಕಾಳಗ, ಬಭ್ರುವಾಹನನ ಪ್ರಸಂಗ, ಚಂದ್ರಹಾಸನ ಕಥೆ ಬಾಯಲ್ಲಿರುತ್ತಿತ್ತು. ಊರ ಗುಡಿಯ ಮುಂದೆ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಸುತ್ತ ಕೂತವರು ‘ನಾಳೆಗೆ ಇಂಥ ಸಂಧಿ ಓದಿ’ ಎಂದು ಕೇಳಿ ಹೋಗುತ್ತಿದ್ದರು. ಪುಸ್ತಕವನ್ನು ಆರಿಸುವುದೂ ಸಲಹೆ ಮಾಡುವುದೂ ಆ ಜಗಲಿಯಲ್ಲೇ ಮುಗಿಯುತ್ತಿತ್ತು. ಕನ್ನಡದಲ್ಲಿ ಅಚ್ಚುಕೂಟ ಕಣ್ಣು ಬಿಟ್ಟಾಗ ಮೊದಮೊದಲು ಅಚ್ಚಾದ ಕಾವ್ಯಗಳಲ್ಲಿ ಇದೂ ಒಂದಾದದ್ದರಲ್ಲಿ ಆಶ್ಚರ್ಯವಿಲ್ಲ. 1852ರಲ್ಲಿ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಬೆಂಗಳೂರಿನಲ್ಲಿ ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಸಮೇತ ಇದನ್ನು ಹೊರತಂದರು. ಕನ್ನಡ ಕಲಿಯಲು ಬಂದ ಪಾದ್ರಿಗಳಿಗೆ ಯಾವ ಪುಸ್ತಕ ಕೊಡಬೇಕು ಎಂಬ ಪ್ರಶ್ನೆಗೆ ಇಲ್ಲಿನ ಪಂಡಿತರು ತೋರಿಸಿದ ಪುಸ್ತಕ ಇದು ಎಂದು ನಾನು ಊಹಿಸುತ್ತೇನೆ. ಹಾಗಿದ್ದರೆ ಅದೂ ಒಂದು ಸಲಹೆಯೇ.

ಈಗಿನ ರಾಶಿ ಎಲ್ಲಿಂದ ಬಂತು ಎನ್ನುವುದು ತಿಳಿದರೆ ಹುಡುಕುವವರಿಗೆ ಅರ್ಧ ಕೆಲಸ ಮುಗಿದಂತೆ. ಎರಡು ದಶಕಗಳ ಹಿಂದೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಯೋಜನೆ ಶುರುವಾದಾಗ ಅದರ ಭಾರತೀಯ ಕವಲಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಹುಟ್ಟಿತು. ಹಳೆಯ ಗ್ರಂಥಾಲಯಗಳ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಸ್ಕ್ಯಾನ್ ಆದವು. ಮುಂದೆ ಅವುಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಸೇರಿದವು. ಇವತ್ತು ಅಲ್ಲಿ ‘ಇನ್ ಡಾಟ್ ಅರ್ನೆಟ್ ಡಾಟ್ ಡಿಎಲ್ಐ ಡಾಟ್ 2015’ ಎಂದು ಶುರುವಾಗುವ ಉದ್ದನೆಯ ಗುರುತು ಕಂಡರೆ ಆ ಪುಸ್ತಕ ಇದೇ ಹಾದಿಯಲ್ಲಿ ಬಂದದ್ದು ಎಂದು ತಿಳಿಯಿರಿ.

ಕೆಲಸ ದೊಡ್ಡದು, ಅವಸರವೂ ದೊಡ್ಡದು. ಪುಟಗಳ ಮೇಲೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಕೂತಿದೆ, ಅಂಚಿನ ಅಕ್ಷರಗಳು ಕತ್ತರಿಸಿ ಹೋಗಿವೆ. ಅದನ್ನಾದರೂ ಸಹಿಸಬಹುದು. ಹೆಸರುಗಳ ಗತಿಯೇ ಗತಿ. ಕನ್ನಡ ಪುಸ್ತಕದ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ, ಎಷ್ಟೋ ಸಲ ಕನ್ನಡ ಬಾರದ ಕೈಗಳು ಕೀಲಿಸಿವೆ. ಹಾಗಾಗಿ ಒಂದೇ ಜೈಮಿನಿ ಒಂದು ಕಡೆ ಎರಡು ಪದ, ಇನ್ನೊಂದು ಕಡೆ ಒಂದೇ ಪದ, ಮತ್ತೊಂದು ಕಡೆ ಬಾಲಕ್ಕೊಂದು ಎಚ್. ಲೇಖಕರ ಜಾಗದಲ್ಲಿ ಪ್ರಕಾಶಕರು, ಪ್ರಕಾಶಕರ ಜಾಗದಲ್ಲಿ ಏನೂ ಇಲ್ಲ. ನೀವು ಸರಿಯಾದ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ, ತಪ್ಪು ಕಾಗುಣಿತವನ್ನು ಊಹಿಸಬಲ್ಲವರಿಗೆ ಮಾತ್ರ ಸಿಗುತ್ತದೆ.

ಈ ಗೋಜಲನ್ನು ಬಿಡಿಸಲು ಕೈಹಾಕಿದವರು ಸರ್ಕಾರದವರಲ್ಲ, ‘ಸಂಚಯ’ ಎಂಬ ಸಣ್ಣ ಗುಂಪಿನ ಸ್ವಯಂಸೇವಕರು. ಓಂಶಿವಪ್ರಕಾಶ್ ಮತ್ತು ಗೆಳೆಯರು ‘ವಚನ ಸಂಚಯ’ದಲ್ಲಿ ವಚನಗಳನ್ನು ಪದ ಪದವಾಗಿ ಹುಡುಕುವಂತೆ ಮಾಡಿದ್ದು ಹಲವರಿಗೆ ಗೊತ್ತು. ಅದೇ ಬಳಗದ ‘ಪುಸ್ತಕ ಸಂಚಯ’ ಅಷ್ಟು ಹೆಸರಾಗಲಿಲ್ಲ, ಓದುಗರಿಗೆ ಆದ ಉಪಕಾರ ಮಾತ್ರ ಕಡಿಮೆಯದಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹಗಳಲ್ಲಿದ್ದ ಕನ್ನಡ ಪುಸ್ತಕಗಳ ವಿವರಗಳನ್ನು ಒಟ್ಟು ಮಾಡಿ, ಇಂಗ್ಲಿಷ್ ಅಕ್ಷರದ ಹೆಸರುಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ‘ಸಮೂಹ ಸಂಚಯ’ದ ಮೂಲಕ ಊರೂರಿನ ಆಸಕ್ತರ ಕೈಗೆ ಕೊಟ್ಟರು. ಸಂಜೆ ಬಿಡುವಿನಲ್ಲಿ ಕೂತು ಹತ್ತು ಹೆಸರು ತಿದ್ದಿದವರಿಂದಲೇ ಕನ್ನಡದಲ್ಲಿ ಬರೆದು ಕನ್ನಡ ಪುಸ್ತಕ ಹುಡುಕುವುದು ಸಾಧ್ಯವಾಯಿತು. ಗ್ರಂಥಪಾಲಕರ ಕೆಲಸವನ್ನು ಓದುಗರೇ ಮಾಡಿಕೊಂಡ ಇಂಥ ಉದಾಹರಣೆ ನಮ್ಮಲ್ಲಿ ಅಪರೂಪ. ಆಮೇಲೆ ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ನಡೆದಿರುವ ಸ್ಕ್ಯಾನಿಂಗ್ ಹಿಂದಿನದಕ್ಕಿಂತ ಎಷ್ಟೋ ಶುದ್ಧ. ಎರಡು ಪ್ರತಿ ಕಂಡರೆ ಅಲ್ಲಿಯದನ್ನೇ ಇಳಿಸಿಕೊಳ್ಳಿ.

ಈಗ ಲಕ್ಷ್ಮೀಶನಿಗೇ ಬರೋಣ. ಸ್ಕ್ಯಾನ್ ಪ್ರತಿಗಳನ್ನು ಬಿಟ್ಟರೆ ಅವನ ಕಾವ್ಯ ಕನ್ನಡ ವಿಕಿಸೋರ್ಸ್‌ನಲ್ಲಿ ಯೂನಿಕೋಡ್ ಪಠ್ಯವಾಗಿ ಸಂಧಿ ಸಂಧಿಯಾಗಿ ಇದೆ. ಹೊಸದಾಗಿ ಓದುವವರಿಗೆ ನಾನು ಹೇಳುವುದು ಅದನ್ನೇ. ಬೇಕಾದ ಪದ ಹುಡುಕಬಹುದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಅನುಮಾನ ಬಂದ ಕಡೆ ಹಳೆಯ ಮುದ್ರಣದ ಸ್ಕ್ಯಾನ್ ತೆರೆದು ತಾಳೆ ನೋಡಬಹುದು. ಯಂತ್ರವೇ ಪುಟ ನೋಡಿ ಅಕ್ಷರ ಗುರುತಿಸಿದ ಪ್ರತಿಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಒತ್ತಕ್ಷರ, ದೀರ್ಘ ಕಂಡಾಗ ಯಂತ್ರ ಇನ್ನೂ ಎಡವುತ್ತದೆ. ಒಂದಕ್ಷರ ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರು ಚಂದ್ರಹಾಸನ ಕಥೆಯನ್ನೇ ಓದಲಿ. ದುಷ್ಟಬುದ್ಧಿ ಬರೆದ ಓಲೆಯಲ್ಲಿ ‘ವಿಷ’ ಇದ್ದದ್ದು ‘ವಿಷಯೆ’ ಆಗಿ, ಸಾಯಬೇಕಾದವನಿಗೆ ಮದುವೆಯಾಗುತ್ತದೆ!

ಇದನ್ನು ಯಾವುದರಲ್ಲಿ ಓದುತ್ತೀರಿ ಎನ್ನುವುದೂ ಮುಖ್ಯ. ಪುಸ್ತಕ ಸೂಚಿಸುವವರು ಇದನ್ನು ಹೇಳುವುದೇ ಇಲ್ಲ. ಜೈಮಿನಿ ಇರುವುದು ವಾರ್ಧಕ ಷಟ್ಪದಿಯಲ್ಲಿ. ಮೂವತ್ತನಾಲ್ಕು ಸಂಧಿ, ಸಾವಿರದ ಒಂಬೈನೂರರ ಆಸುಪಾಸು ಪದ್ಯ. ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಇಪ್ಪತ್ತು ಮಾತ್ರೆಯವು. ಮೂರನೆಯದೂ ಆರನೆಯದೂ ಮೂವತ್ತೆರಡು ಮಾತ್ರೆ. ಫೋನನ್ನು ಉದ್ದಕ್ಕೆ ಹಿಡಿದರೆ ಆ ಉದ್ದದ ಸಾಲು ಮುರಿದು ಕೆಳಗೆ ಬೀಳುತ್ತದೆ, ಆರು ಸಾಲಿನ ಪದ್ಯ ಎಂಟೋ ಒಂಬತ್ತೋ ಸಾಲಾಗಿ ಕಾಣುತ್ತದೆ. ಸಾಲು ಮೊದಲಿನ ಆದಿಪ್ರಾಸ ಕಣ್ಣಿಗೆ ಸಿಗುವುದೇ ಇಲ್ಲ. ನಾದಕ್ಕೇ ಹೆಸರಾದ ಕವಿಯನ್ನು ಹಾಗೆ ಓದಿ ‘ಯಾಕೋ ಹಿಡಿಸಲಿಲ್ಲ’ ಎಂದರೆ ಕವಿಯ ತಪ್ಪಲ್ಲ. ಫೋನನ್ನು ಅಡ್ಡ ತಿರುಗಿಸಿ. ಸಾಲು ನೆಟ್ಟಗಾಗುತ್ತದೆ, ಓಟ ತಾನಾಗಿ ಬಾಯಿಗೆ ಬರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಗಮಕ ಕೇಳಿ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಕಾದಂಬರಿಯ ಮಾತು ಬೇರೆ. ಗದ್ಯಕ್ಕೆ ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಹೊಂದಿಸಿಕೊಳ್ಳುವ ಇ-ಪಬ್ ಒಳ್ಳೆಯದು, ಪಿಡಿಎಫ್ ಕಣ್ಣಿಗೆ ಶಿಕ್ಷೆ.

ಇನ್ನು ಹಂಚುವ ವಿಚಾರ. ‘ಸಾಹಿತ್ಯ ಸೇವೆ’ ಎಂಬ ಹೆಸರಿನಲ್ಲಿ ತೇಜಸ್ವಿಯವರ ‘ಕರ್ವಾಲೊ’ ಪಿಡಿಎಫ್ ಅನ್ನು ಎಲ್ಲ ಗುಂಪುಗಳಿಗೂ ದೂಡುವವರನ್ನು ಕಂಡರೆ ನನಗೆ ಕಸಿವಿಸಿ. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಕಳೆದು ಅರವತ್ತು ವರ್ಷ ಹಕ್ಕು ಉಳಿಯುತ್ತದೆ. 2007ರಲ್ಲಿ ತೀರಿಕೊಂಡ ತೇಜಸ್ವಿಯವರ ಕೃತಿಗಳು 2067ರ ಕೊನೆಯವರೆಗೆ, 1994ರಲ್ಲಿ ಹೋದ ಕುವೆಂಪು ಅವರವು 2054ರ ಕೊನೆಯವರೆಗೆ ಹಕ್ಕಿನೊಳಗೇ ಇರುತ್ತವೆ. ಮಹಾಭಾರತವನ್ನೇ ತಿಳಿಗನ್ನಡದಲ್ಲಿ ಹೇಳಿದ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ಕ್ಕೆ 2028 ಮುಗಿಯಬೇಕು. ಬದಲಿಗೆ ತ್ರಿವೇಣಿಯವರೂ ಗೋವಿಂದ ಪೈಗಳೂ 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿಯಿಂದ ಎಲ್ಲರವು. ಮರಣಾನಂತರ ಅಚ್ಚಾದವಕ್ಕೆ ಲೆಕ್ಕ ಅಚ್ಚಾದ ವರ್ಷದಿಂದ. ಲಕ್ಷ್ಮೀಶನ ಪದ್ಯಗಳಿಗಂತೂ ಯಾರ ಅಪ್ಪಣೆಯೂ ಬೇಡ. ಆದರೆ ಅದಕ್ಕೆ ಈಚಿನ ವಿದ್ವಾಂಸರು ಬರೆದ ತಾತ್ಪರ್ಯ, ಮುನ್ನುಡಿ ಅವರ ಸ್ವತ್ತು. ಪದ್ಯ ಹಳೆಯದೆಂದು ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಹಂಚುವಂತಿಲ್ಲ.

ಹಕ್ಕು ಇರುವಾಗಲೇ ಬಾಗಿಲು ತೆರೆದವರೂ ಇದ್ದಾರೆ. ಕಯ್ಯೂರಿನ ರೈತರ ಹೋರಾಟವನ್ನು ‘ಚಿರಸ್ಮರಣೆ’ಯಾಗಿ ಬರೆದ ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದರು. ಮೈಸೂರು ವಿಶ್ವವಿದ್ಯಾಲಯವೂ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಅದೇ ವರ್ಷ ಹೀಗೆ ಬಿಟ್ಟುಕೊಟ್ಟಿತು. ಇವನ್ನು ಧೈರ್ಯವಾಗಿ ಇಳಿಸಿಕೊಳ್ಳಿ, ಹಂಚಿ.

ಹೊಸ ಪುಸ್ತಕಗಳನ್ನು ಕೊಂಡೇ ಓದಬೇಕು. ಮೈಲ್ಯಾಂಗ್ ಬುಕ್ಸ್, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡದ ಇ-ಪುಸ್ತಕಗಳು ಅಚ್ಚಿನ ಪುಸ್ತಕಕ್ಕಿಂತ ಅಗ್ಗಕ್ಕೆ ಸಿಗುವುದುಂಟು. ಕಿಂಡಲ್ 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳನ್ನು ಸೇರಿಸಿಕೊಂಡಾಗ ಕನ್ನಡವನ್ನು ಹೊರಗಿಟ್ಟಿತು. ಆ ಕೋಪದಲ್ಲೇ ನಮ್ಮವರು ನಮ್ಮದೇ ಅಂಗಡಿ ತೆರೆದುಕೊಂಡರು ಅನ್ನಿ.

ಅಂಗಡಿ ಇದ್ದ ಮಾತ್ರಕ್ಕೆ ಓದುಗ ಬರುವುದಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದದ್ದು ಬರೀ ಮಾರಾಟಕ್ಕಲ್ಲ. ಈ ಮನೆಯವರು ಯಾವುದನ್ನು ಓದಿಯಾರು ಎಂದು ಎದುರಿಗೆ ನಿಂತು ಅಳೆದೂ ಕೊಟ್ಟಿರಬೇಕು ಎಂದು ನನ್ನ ಊಹೆ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮಾಡಿಕೊಂಡು ಪುಸ್ತಕಗಳನ್ನು ಮನೆಗೆ ಕಳಿಸಿತು. ಜಿ.ಬಿ. ಜೋಶಿಯವರ ಆಯ್ಕೆ, ಕುರ್ತಕೋಟಿಯವರ ಸಲಹೆ ಎಂದರೆ ಓದುಗರು ಹೆಸರು ಕೇಳದ ಲೇಖಕರನ್ನೂ ತೆರೆದು ನೋಡುತ್ತಿದ್ದರು. ಆ ನಂಬಿಕೆಯನ್ನು ಯಾವ ಆ್ಯಪ್‌ನ ‘ನಿಮಗಾಗಿ’ ಪಟ್ಟಿಯೂ ಕಟ್ಟಿಕೊಡಲಾರದು. ಅದು ಹೋದ ವಾರ ನೀವು ಕೊಂಡದ್ದನ್ನು ನೋಡಿ ಈ ವಾರ ಅದರಂಥದ್ದನ್ನೇ ಮುಂದಿಡುತ್ತದೆ. ಪುಸ್ತಕ ಬಲ್ಲ ಸ್ನೇಹಿತ ನೀವು ಎಂದೂ ಓದಿರದ ಜಾತಿಯ ಪುಸ್ತಕವನ್ನೇ ಕೈಗಿಡುತ್ತಾನೆ.

ಹಳ್ಳಿಗಳಲ್ಲಿ ಈ ಕೆಲಸಕ್ಕೆ ಜಾಗ ಸಿದ್ಧವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇವತ್ತು ಅವು ‘ಅರಿವು ಕೇಂದ್ರ’. ಎಷ್ಟೋ ಕಡೆ ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ. 2020ರಿಂದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಆ್ಯಪ್ ಕೂಡ ಇದೆ. ಮಕ್ಕಳು ಅಲ್ಲಿ ಹೆಚ್ಚಾಗಿ ಸ್ಪರ್ಧಾ ಪರೀಕ್ಷೆಯ ಪ್ರಶ್ನೋತ್ತರವನ್ನೇ ನೋಡುತ್ತಾರೆ, ಅದು ಅವರ ಹೊಟ್ಟೆಪಾಡು, ಆಕ್ಷೇಪಿಸಲಾಗದು. ಆದರೆ ಗೋಡೆಗೊಂದು ಹಲಗೆ ಹಾಕಿ ತಿಂಗಳಿಗೊಂದು ಇ-ಪುಸ್ತಕದ ಹೆಸರು, ಅದು ಸಿಗುವ ತಾಣ, ಓದಿದವರ ಎರಡು ಮಾತು ಬರೆಯಲು ಯಾವ ಅನುದಾನವೂ ಬೇಡ. ಕಡೂರು ಸೀಮೆಯ ಅರಿವು ಕೇಂದ್ರಗಳಲ್ಲಿ ಆ ಹಲಗೆಯ ಮೊದಲ ಹೆಸರು ಯಾವುದಿರಬೇಕು ಎಂದು ನಾನು ಬೇರೆ ಹೇಳಬೇಕಿಲ್ಲ.

ಗುಂಪಿನಲ್ಲಿ ಯಾರಾದರೂ ‘ಓದಲು ಒಳ್ಳೆಯ ಪುಸ್ತಕ ಹೇಳಿ’ ಎಂದರೆ ದಯವಿಟ್ಟು ನಲವತ್ತು ಪಿಡಿಎಫ್ ಸುರಿಯಬೇಡಿ. ನೀವು ಓದಿದ ಒಂದನ್ನು ಹೇಳಿ. ಯಾವ ಮುದ್ರಣ, ಪುಟಗಳೆಲ್ಲ ಇವೆಯೇ, ಪುಕ್ಕಟೆಯೋ ಕೊಳ್ಳಬೇಕೋ, ಎಲ್ಲಿಂದ ಓದಲು ಹಿಡಿದರೆ ಬಿಡಲಾಗುವುದಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ನನ್ನ ನಾಲ್ಕು ಸಾಲು ಇಷ್ಟು: ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’, ಕನ್ನಡ ವಿಕಿಸೋರ್ಸ್‌ನಲ್ಲಿ ಪುಕ್ಕಟೆ. ಮೊದಲ ಸಂಧಿಯಿಂದಲ್ಲ, ಚಂದ್ರಹಾಸನ ಕಥೆಯಿಂದ ಶುರು ಮಾಡಿ. ಫೋನು ಅಡ್ಡ ಹಿಡಿಯಿರಿ. ಗಟ್ಟಿಯಾಗಿ ಓದಿ, ಮನೆಯವರು ಏನಂದರೂ ಸರಿ.