ಗಾಳ ಹಿಡಿದು ಕೆರೆಯ ದಂಡೆಯಲ್ಲಿ

ನಮ್ಮ ಊರು ಗೌರಸಮುದ್ರ. ಹೆಸರಿನಲ್ಲಿ ಸಮುದ್ರವಿದೆ, ಊರಿನಲ್ಲಿ ಅನೇಕ ವರ್ಷ ಕುಡಿಯುವ ನೀರಿಗೂ ಪರದಾಟ. ಚಳ್ಳಕೆರೆ ಸೀಮೆಯಲ್ಲಿ ಬೀಳುವಷ್ಟು ಕಡಮೆ ಮಳೆ ರಾಜ್ಯದಲ್ಲಿ ಇನ್ನೆಲ್ಲೋ ಕೆಲವೇ ಕಡೆ ಬೀಳುತ್ತದೆ. ಇಂತಹ ಊರಿನವನು ಮೀನಿನ ಗಾಳವನ್ನು ಕುರಿತು ಬರೆಯುತ್ತೇನೆಂದಾಗ, ಸಂಚಿಕೆಯ ಹೊಣೆ ಹೊತ್ತ ನಮ್ಮ ಅಧ್ಯಾಪಕರು ನಕ್ಕು, "ಮೊದಲು ನೀರು ತೋರಿಸಪ್ಪ, ಆಮೇಲೆ ಮೀನು" ಎಂದರು. ಅವರ ಮಾತು ನ್ಯಾಯವಾದುದೇ. ಆದರೆ ನೀರು ಅಪರೂಪವಾದ ಕಡೆಯಲ್ಲಿಯೇ ನೀರನ್ನು ನೋಡುವ ಕಣ್ಣು ಹರಿತವಾಗುತ್ತದೆ ಎಂಬುದು ನನ್ನ ಅನುಭವ. ಆರನೆಯ ವಯಸ್ಸಿನಲ್ಲಿ ತಾತನ ಪಕ್ಕದಲ್ಲಿ ಕುಳಿತು ಗಾಳ ಹಿಡಿದವನು ಈಗ ಅಂತಿಮ ಬಿ.ಎ. ತರಗತಿಯಲ್ಲಿದ್ದೇನೆ. ಇಷ್ಟು ವರ್ಷಗಳಲ್ಲಿ ಕಲಿತುದನ್ನೂ, ಮಾಡಿದ ಒಂದು ತಪ್ಪನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಣಗಿದ ಕೆರೆಗೆ ಮೀನು ಎಲ್ಲಿಂದ ಬರುತ್ತದೆ? ಇದು ಪಟ್ಟಣದ ಮಿತ್ರರು ಕೇಳುವ ಮೊದಲ ಪ್ರಶ್ನೆ. ಮೇಲಿನ ಕೆರೆ ಕೋಡಿ ಬಿದ್ದರೆ ಅದರ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಆ ನೀರಿನೊಡನೆ ಮೀನೂ ಮೊಟ್ಟೆಯೂ ಇಳಿಯುತ್ತವೆ. ಹೊಸ ನೀರಿನ ವಾಸನೆ ಹಿಡಿದು ಕೆಲವು ಮೀನು ಹಳ್ಳದಲ್ಲಿ ಎದುರಾಗಿ ಈಜಿ ಮೇಲಕ್ಕೂ ಹೋಗುತ್ತವೆ. ಇನ್ನು ಕಾಟ್ಲಾ, ರೋಹು, ಗೆಂಡೆಗಳ ಮರಿಯನ್ನು ಕೆರೆಯ ಗುತ್ತಿಗೆದಾರರು ತಂದು ಬಿಡುವುದುಂಟು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1907ರಲ್ಲಿ ಪೂರ್ಣವಾಯಿತು. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ವರ್ಷ ನಮ್ಮ ಸೀಮೆಯ ಕೆರೆಕುಂಟೆಗಳಿಗೂ ನೀರು ಬಂತು. ಎಂದೂ ಕೆರೆ ತುಂಬಿದ್ದನ್ನು ಕಾಣದ ಹುಡುಗರು ದಂಡೆಯ ಮೇಲೆ ನಿಂತು ಕೂಗಾಡಿದರು; ಮುದುಕರು ಸುಮ್ಮನೆ ಕುಳಿತು ನೋಡಿದರು.

ಈಗ ಸಾಮಗ್ರಿಯ ವಿಚಾರ. ಗಾಳಕ್ಕೆ ಬೇಕಾದುದು ಐದು: ಕೋಲು, ದಾರ, ಬೆಂಡು, ಸೀಸ, ಗಾಳದ ಕೊಕ್ಕೆ. ಆರನೆಯದು ತಾಳ್ಮೆ, ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಕೋಲಿಗೆ ಎರಡಾಳುದ್ದದ ಬಿದಿರು ಸಾಕು. ತುದಿ ಬಳುಕಬೇಕು, ಬುಡ ಗಟ್ಟಿಯಾಗಿರಬೇಕು. ದಾರಕ್ಕೆ ನೈಲಾನ್ ಉತ್ತಮ. ಅದರ ಗಂಟನ್ನು ಬಿಗಿಯುವ ಮುನ್ನ ಬಾಯಿಯ ಎಂಜಲಿನಿಂದ ತೋಯಿಸಬೇಕು. ಒಣಗಂಟು ಬಿಸಿಯಾಗಿ ಬಲ ಕಳೆದುಕೊಂಡು, ದೊಡ್ಡ ಮೀನು ಎಳೆದಾಗ ಅಲ್ಲಿಯೇ ತುಂಡಾಗುತ್ತದೆ. ಬೆಂಡಿಗೆ ನಾವು ಜೋಳದ ದಂಟಿನ ಒಳತಿರುಳನ್ನು ಬಳಸುತ್ತೇವೆ. ಬೆಂಡು ನೀರಿನಲ್ಲಿ ಅಡ್ಡ ಬಿದ್ದರೆ ಸೀಸ ಸಾಲದು, ಪೂರಾ ಮುಳುಗಿದರೆ ಸೀಸ ಹೆಚ್ಚು. ತಲೆ ಮಾತ್ರ ಮೇಲಿಟ್ಟು ನೆಟ್ಟಗೆ ನಿಂತರೆ ಸರಿ.

ಬೆಂಡಿನ ಭಾಷೆಯನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಟಕಟಕನೆ ಕುಣಿದರೆ ಪಕ್ಕೆಯಂತಹ ಸಣ್ಣ ಮೀನು ಎರೆಯನ್ನು ಕುಟುಕುತ್ತಿದೆ. ಮೆಲ್ಲಗೆ ಮೇಲೆದ್ದು ಅಡ್ಡಬಿದ್ದರೆ, ತಳದಲ್ಲಿ ಮೇಯುವ ಗೆಂಡೆ ಎರೆಯೊಡನೆ ಸೀಸವನ್ನೂ ಎತ್ತಿದೆ. ಸದ್ದಿಲ್ಲದೆ ಜಾರಿ ಒಳಗೆ ಹೋದರೆ ಕೊರವ. ಎರೆಯಲ್ಲಿಯೂ ಭೇದವುಂಟು. ಪಕ್ಕೆಗೆ ಎರೆಹುಳು, ಗೆಂಡೆಗೆ ಶೇಂಗಾ ಹಿಂಡಿ ಬೆರೆಸಿದ ರಾಗಿ ಹಿಟ್ಟು, ಕೊರವಕ್ಕೆ ಮಿಡತೆ ಅಥವಾ ಸಣ್ಣ ಕಪ್ಪೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಹಿಂಡಿಗೇನು ಬರ? ಹಿಂದಿನ ಸಂಜೆಯೇ ಒಂದು ಹಿಡಿ ಹಿಂಡಿಯನ್ನು ನೀರಿಗೆ ಎರಚಿ ಬಂದರೆ ಬೆಳಗಿಗೆ ಗೆಂಡೆಗಳು ಆ ಜಾಗವನ್ನು ಹುಡುಕಿಕೊಂಡು ಬಂದಿರುತ್ತವೆ.

ಇದೆಲ್ಲ ಹಳ್ಳಿ ಹುಡುಗರ ಹುಚ್ಚೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಆಹಾರ, ದಾರ ಕೋಲುಗಳು ಎಂತಹವಿರಬೇಕು ಎಂಬುದನ್ನು ದೊರೆ ಅಲ್ಲಿ ವಿವರಿಸಿದ್ದಾನೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲನು ಇದೇ ಹವ್ಯಾಸವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹೀಗೆ ಅರಮನೆಯವರೂ ಕಚೇರಿಯವರೂ ಕೂತ ದಂಡೆಯಲ್ಲಿಯೇ ನಾವೂ ಕೂತಿದ್ದೇವೆ.

ಮೀನಿಗಾಗಿ ಹೊರಡುವವನು ಹೊತ್ತನ್ನು ಅರಿಯಬೇಕು. ಸೂರ್ಯ ಹುಟ್ಟುವ ಮುನ್ನ, ಇಲ್ಲವೆ ದನ ಮನೆಗೆ ತಿರುಗುವ ಹೊತ್ತು ಒಳ್ಳೆಯದು. ನೆರಳು ನೀರಿನ ಮೇಲೆ ಬೀಳದಂತೆ ಕೂರಬೇಕು. ಅಪರಿಚಿತ ಹಳ್ಳದೊಳಕ್ಕೆ ಎಂದೂ ಇಳಿಯಬಾರದು. ಮರಳು ತೆಗೆದ ಗುಂಡಿಗಳು ನೀರು ತುಂಬಿದಾಗ ಕಣ್ಣಿಗೆ ಕಾಣುವುದಿಲ್ಲ. ಕೆರೆ ಗುತ್ತಿಗೆಯಲ್ಲಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಕೂರಬೇಕು. ಕೇಳಿದವನಿಗೆ ಅವರು ಬೇಡವೆಂದದ್ದನ್ನು ನಾನು ಕಂಡಿಲ್ಲ.

ಇನ್ನು ಜಾತ್ರೆ, ಪ್ರದರ್ಶನಗಳ ಮಾತು. ನನ್ನ ಮೊದಲ ಗಾಳದ ಪೊಟ್ಟಣ ದೊರೆತದ್ದು ನಮ್ಮೂರ ಮಾರಮ್ಮನ ಜಾತ್ರೆಯಲ್ಲಿ. ಆಂಧ್ರದಿಂದಲೂ ಭಕ್ತರು ಬಂದು ಸೇರುವ ಆ ಜಾತ್ರೆಯಲ್ಲಿ ಬಳೆ, ಪೀಪಿ, ಬೆಂಡು ಬತ್ತಾಸಿನ ನಡುವೆ ಒಬ್ಬಾತ ಗೋಣಿಯ ಮೇಲೆ ಗಾಳಗಳನ್ನು ಹರಡಿಕೊಂಡು ಕೂತಿದ್ದ. ಮುಂದೆ ಪಟ್ಟಣದ ಒಂದು ದೊಡ್ಡ ವಸ್ತುಪ್ರದರ್ಶನಕ್ಕೆ ಹೋದಾಗ ಗಾಜಿನ ತೊಟ್ಟಿಯ ಬಣ್ಣದ ಮೀನುಗಳ ಮುಂದೆ ಜನ ನೆರೆದಿದ್ದರು. ನಾನು ಮಾತ್ರ ಪಕ್ಕದ ಮಳಿಗೆಯಲ್ಲಿ ರೀಲು ಹಾಕಿದ ಕಪ್ಪು ಕೋಲಿನ ಮುಂದೆ ನಿಂತೆ. ಶೇಂಗಾ ಕೀಳುವ ಕೂಲಿಗೆ ಹೋಗಿ ಕೂಡಿಟ್ಟಿದ್ದ ಹಣವನ್ನೆಲ್ಲ ಅಲ್ಲಿ ಸುರಿದು ಅದನ್ನು ಕೊಂಡೆ. ತಾತ ಅದನ್ನು ಕೈಯಲ್ಲಿ ತೂಗಿ ನೋಡಿ, "ಕೋಲು ಚೆನ್ನಾಗೈತೆ. ಕೂರೋದು ಕಲ್ತಿದೀಯೇನು?" ಎಂದಿಷ್ಟೇ ಕೇಳಿದರು.

ತಪ್ಪು ನಡೆದದ್ದು ಆ ಕೋಲಿನಿಂದಲೇ, 2023ರ ಮಳೆಗಾಲದಲ್ಲಿ. ಕೊರವ ವಿಚಿತ್ರ ಪ್ರಾಣಿ. ಅದು ನೀರಿನಲ್ಲಿದ್ದರೂ ಗಾಳಿಯನ್ನು ಉಸಿರಾಡಲು ಮತ್ತೆ ಮತ್ತೆ ಮೇಲೆ ಬರುತ್ತದೆ. ಮೊಟ್ಟೆಯಿಟ್ಟ ಮೇಲೆ ಗಂಡು ಹೆಣ್ಣುಗಳು ಮರಿಗಳನ್ನು ಬಿಟ್ಟು ಕದಲುವುದಿಲ್ಲ. ನೂರಾರು ಕೆಂಪು ಮರಿಗಳು ನೀರಿನ ಮೇಲ್ಮೈಯಲ್ಲಿ ಕುದಿಯುವ ಎಸರಿನಂತೆ ಗುಂಪಾಗಿ ಸುಳಿಯುತ್ತಿರುತ್ತವೆ. ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಗುಂಪಿನ ನಡುವೆ ಏನು ಬಿದ್ದರೂ, ಹಸಿವಿಲ್ಲದಿದ್ದರೂ, ಕಾವಲಿನ ಮೀನು ಸಿಟ್ಟಿನಿಂದ ಕಚ್ಚುತ್ತದೆ. ನನಗೆ ಇದು ಗೊತ್ತಿತ್ತು. ಹೊಸ ಕೋಲಿನ ಬಲವನ್ನು ಗೆಳೆಯರಿಗೆ ತೋರಿಸುವ ಆಸೆಯಿಂದ ಕಪ್ಪೆಯನ್ನು ಗುಂಪಿನ ನಡುವೆಯೇ ಎಸೆದೆ. ಮೊದಲ ಎಸೆತಕ್ಕೇ ಒಂದು ಬಂತು; ಗಳಿಗೆ ಕಳೆಯುವುದರೊಳಗೆ ಇನ್ನೊಂದೂ ಬಂತು. ಗೆಳೆಯರು ಶಿಳ್ಳೆ ಹಾಕಿದರು.

ಮನೆಗೆ ಹೊತ್ತು ತಂದ ಮೀನುಗಳನ್ನು ತಾತ ನೋಡಿದರು. ಎಲ್ಲಿ, ಹೇಗೆ ಎಂದು ಕೇಳಿ ತಿಳಿದುಕೊಂಡರು. "ಕಾಯೋರನ್ನ ಹಿಡ್ಕಂಡ್ ಬಂದೆ. ಇನ್ನು ಮರಿನ ಯಾರಪ್ಪ ಕಾಯ್ತಾರೆ?" ಎಂದರು. ಬೈಯಲಿಲ್ಲ, ಆದರೆ ಅಂದು ಸಾರನ್ನು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನಾನೊಬ್ಬನೇ ಆ ಜಾಗಕ್ಕೆ ಹೋದೆ. ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು; ನೀರಿನೊಳಗಿಂದ ಜಿಲೇಬಿ ಮೀನುಗಳು ನುಗ್ಗುತ್ತಿದ್ದವು. ಕೆಂಪು ಗುಂಪು ಹಸ್ತದಗಲಕ್ಕೆ ಇಳಿದಿತ್ತು. ಮೂರನೆಯ ದಿನ ಅದೂ ಇರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತು. ಮುಂದಿನ ಬೇಸಗೆಗೆ ಕೆರೆ ಬತ್ತಿತು. ಕೊರವ ಒದ್ದೆ ಕೆಸರಿನಲ್ಲಿ ಕೆಲಕಾಲ ಜೀವ ಹಿಡಿದುಕೊಂಡಿರಬಲ್ಲದೆಂದು ತಾತ ಹೇಳಿದ್ದರು. ನಾನು ಕೆಸರಿನ ಬಿರುಕುಗಳನ್ನು ನೋಡುತ್ತ ದಂಡೆಯುದ್ದಕ್ಕೂ ನಡೆದೆ.

ಒಂದು ಕೆರೆಯಲ್ಲಿ ನಾನು ಮಾಡಿದ್ದನ್ನೇ ದೊಡ್ಡ ನದಿಗಳಲ್ಲಿ ಅನೇಕರು ಮಾಡಿದರೆ ಏನಾದೀತೆಂಬುದಕ್ಕೆ ಕಾವೇರಿಯ ಬಿಳಿಮೀನು ನಿದರ್ಶನ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮೀನನ್ನು ಗಾಳದಿಂದ ಹಿಡಿದಿದ್ದರು. ಸಿಡಿಮದ್ದು, ಅಣೆಕಟ್ಟು, ಹೊರಗಿನಿಂದ ತಂದು ಬಿಟ್ಟ ಜಾತಿಗಳು ಎಲ್ಲವೂ ಸೇರಿ ಆ ಕುಲವನ್ನು ಅಳಿವಿನಂಚಿಗೆ ತಂದಿವೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಆದರೆ ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳು ಜನರ ಕೈಯಿಂದ ಪುರಿ ತಿನ್ನುತ್ತ ನಿರ್ಭಯವಾಗಿವೆ. ಕಾವೇರಿಯಲ್ಲಿ ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ಪದ್ಧತಿಯನ್ನು ಬೆಳೆಸಿದವರೂ ಗಾಳದವರೇ. ಆದ್ದರಿಂದ ದೋಷ ಗಾಳದ್ದಲ್ಲ, ಹಿಡಿದ ಕೈಯದು ಎನ್ನದೆ ವಿಧಿಯಿಲ್ಲ.

ಅಂದಿನಿಂದ ನಾನು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಕೆಂಪು ಮರಿಯ ಗುಂಪು ಕಂಡರೆ ಕೋಲನ್ನು ಮಡಿಸಿ ಬೇರೆ ಕಡೆಗೆ ಹೋಗುವುದು. ಹೊಸ ನೀರಿಗೆ ಏರುವ, ಮೊಟ್ಟೆ ತುಂಬಿದ ಮೀನನ್ನು ಹಿಡಿಯದಿರುವುದು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಅದುಮಿ, ಬಿಡಬೇಕಾದ ಮೀನಿನ ಬಾಯಿ ಹರಿಯದಂತೆ ನೋಡಿಕೊಳ್ಳುವುದು. ಬಿಡುವ ಮುನ್ನ ಕೈಯನ್ನು ಒದ್ದೆ ಮಾಡಿಕೊಳ್ಳುವುದು. ಹರಿದ ದಾರವನ್ನು ದಂಡೆಯಲ್ಲಿ ಬಿಡದಿರುವುದು, ಏಕೆಂದರೆ ಅದು ಹಕ್ಕಿಯ ಕಾಲಿಗೆ ಉರುಳಾಗುತ್ತದೆ. ಮನೆಯ ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟು ಸಿಕ್ಕರೆ ಏಳುವುದು.

ಕಪ್ಪು ಕೋಲು ಈಗ ಅಟ್ಟದ ಮೇಲಿದೆ. ನಾನು ಮತ್ತೆ ಬಿದಿರಿಗೆ ಮರಳಿದ್ದೇನೆ. ತಾತನ ಕಣ್ಣು ಮಂಜಾಗಿದೆ. ಬೆಂಡು ಅವರಿಗೆ ಕಾಣುವುದಿಲ್ಲ. ಆದರೂ ನೀರಿದ್ದಾಗ ಜೊತೆಗೆ ಬಂದು ಕೂರುತ್ತಾರೆ. ಕೊರವ ಉಸಿರಿಗೆ ಮೇಲೆ ಬಂದಾಗ ಆಗುವ 'ಬುಳುಕ್' ಎಂಬ ಸದ್ದನ್ನು ನನಗಿಂತ ಮೊದಲು ಅವರೇ ಕೇಳುತ್ತಾರೆ. ಕೇಳಿ, "ಐತೆ ಕಣಪ್ಪ, ಐತೆ" ಎನ್ನುತ್ತಾರೆ. ಅಧ್ಯಾಪಕರು ನೀರು ತೋರಿಸೆಂದಿದ್ದರು. ಮುಂದಿನ ಸಲ ಕೆರೆಗೆ ನೀರು ಬಂದಾಗ ಅವರು ಒಂದು ಬೆಳಗು ನಮ್ಮೂರಿಗೆ ಬರಬೇಕೆಂದು ವಿನಂತಿ. ಎರೆ ನಾನು ತರುತ್ತೇನೆ. ತಾಳ್ಮೆಯನ್ನು ಅವರೇ ತರಬೇಕು.