ನಿಮಗಿದು ಗೊತ್ತೇ? ದುಂಡು ವಜ್ರ, ಎಣಿಸಿಟ್ಟ ದುಡ್ಡು

ಮದುವೆಗೆಂದು ಭಟ್ಕಳ, ಹೊನ್ನಾವರ, ಕುಮಟಾದ ಪೇಟೆಯಲ್ಲಿ ಮೂಗುತಿಯೋ ಓಲೆಯೋ ಉಂಗುರವೋ ಕೊಳ್ಳಹೊರಟವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಓದಿಕೊಳ್ಳಬೇಕಾದ ಸಂಗತಿಗಳು.

● ಹೊನ್ನಾವರದ ಮೂಗಿನ ಒಡವೆ 14ನೇ ಶತಮಾನದಲ್ಲೇ ಪುಸ್ತಕ ಸೇರಿದೆ. 1340ರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಈ ಊರಿನ ಹೆಂಗಸರು ಮೂಗಿಗೆ ಚಿನ್ನದ ಉಂಗುರ ಹಾಕುತ್ತಾರೆಂದು ಬರೆದಿಟ್ಟ.

● ವಿಜಯನಗರದ ಪೇಟೆಯಲ್ಲಿ ಮುತ್ತು, ಮಾಣಿಕ್ಯ, ವಜ್ರ ಬಯಲಲ್ಲೇ ಮಾರಾಟವಾಗುವುದನ್ನು ಕಂಡು ಬೆರಗಾದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, 1444ರಲ್ಲಿ ಸ್ವದೇಶಕ್ಕೆ ಮರಳಲು ಹಡಗು ಹತ್ತಿದ್ದು ಹೊನ್ನಾವರದಲ್ಲಿ.

● ಭಟ್ಕಳ ಬಂದರಿನಿಂದ ವಿಜಯನಗರಕ್ಕೆ ಕುದುರೆಗಳು ಹೋಗುತ್ತಿದ್ದ ಕಾಲದಲ್ಲಿ ದೊಡ್ಡ ವಜ್ರ ಕೊಳ್ಳುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ನಿಗದಿತ ತೂಕ ಮೀರಿದ ಕಲ್ಲು ನೇರ ಅರಸನ ಬೊಕ್ಕಸಕ್ಕೆ ಹೋಗುತ್ತಿತ್ತೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸ್ ಬರೆದಿದ್ದಾನೆ.

● ಈಗಿನ ಲೆಕ್ಕ: 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದೇ 100 ಸೆಂಟ್. ಅಂಗಡಿಯಲ್ಲಿ ಹೇಳುವ 'ಮೂವತ್ತು ಸೆಂಟಿನ ಕಲ್ಲು' ತೂಗುವುದು ಬರೀ 60 ಮಿಲಿಗ್ರಾಂ.

● ಏಳು ಕಲ್ಲಿನ ಮೂಗುತಿಯಲ್ಲಿ ತಲಾ 5 ಸೆಂಟಿನ ಕಲ್ಲುಗಳಿದ್ದರೆ ಒಟ್ಟು 35 ಸೆಂಟ್. ಆದರೆ 35 ಸೆಂಟಿನ ಒಂಟಿ ಕಲ್ಲಿನ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಕಲ್ಲು ದೊಡ್ಡದಾದಂತೆ ಕ್ಯಾರೆಟ್ಟಿನ ದರವೇ ಏರುತ್ತದೆ. ದುಡ್ಡು ಕಡಿಮೆಯಿದ್ದು ಮೂಗು ತುಂಬ ಹೊಳಪು ಬೇಕೆಂದರೆ ಏಳು ಕಲ್ಲೇ ಲಾಭ.

● 50 ಸೆಂಟ್, 70 ಸೆಂಟ್, 1 ಕ್ಯಾರೆಟ್ ಮುಂತಾದ ತೂಕಗಳಲ್ಲಿ ದರ ಒಮ್ಮೆಲೇ ಜಿಗಿಯುತ್ತದೆ. 1 ಕ್ಯಾರೆಟ್ಟಿಗೂ 95 ಸೆಂಟಿಗೂ ಇರುವ ಅಗಲದ ವ್ಯತ್ಯಾಸ ಬೆರಳಿನ ಮೇಲೆ ಕಾಣಿಸದು, ಬಿಲ್ಲಿನಲ್ಲಿ ಚೆನ್ನಾಗಿಯೇ ಕಾಣಿಸುತ್ತದೆ.

● ಸರಿಯಾಗಿ ಕತ್ತರಿಸಿದ 1 ಕ್ಯಾರೆಟ್ ದುಂಡು ವಜ್ರದ ಅಗಲ ಸುಮಾರು 6.5 ಮಿ.ಮೀ. ತೂಕ ಉಳಿಸಲೆಂದು ತಳ ಆಳವಾಗಿ ಬಿಟ್ಟ ಕಲ್ಲು ಅಷ್ಟೇ ತೂಗಿದರೂ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ತೂಕದ ಜೊತೆಗೆ ಅಗಲವನ್ನೂ ಕೇಳಿ.

● ದುಂಡು ವಜ್ರಕ್ಕೆ 57 ಅಥವಾ 58 ಮುಖಗಳು. ಯಾವ ಕೋನದಲ್ಲಿ ಕತ್ತರಿಸಿದರೆ ಒಳಹೊಕ್ಕ ಬೆಳಕು ಮೇಲಿನಿಂದಲೇ ಹೊರಬರುತ್ತದೆಂದು ಮಾರ್ಸೆಲ್ ಟೋಲ್ಕೊವ್‌ಸ್ಕಿ 1919ರಲ್ಲೇ ಲೆಕ್ಕ ಹಾಕಿ ತೋರಿಸಿದ. ಕೋನ ತಪ್ಪಿದರೆ ಬೆಳಕು ತಳದಿಂದ ಸೋರಿ ಕಲ್ಲು ಮಂಕಾಗುತ್ತದೆ. ತೀರ ಸಣ್ಣ ಕಲ್ಲುಗಳಲ್ಲಿ 17 ಮುಖದವೂ ಇರುತ್ತವೆ, ಕೇಳಿ ತಿಳಿದುಕೊಳ್ಳಿ.

● 'ಬೆಲ್ಜಿಯಂ ಕಟ್' ಎಂದಾಕ್ಷಣ ಹೆಚ್ಚು ಕೊಡಬೇಕಿಲ್ಲ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಹೊಳಪು ಪಡೆಯುವುದು ಭಾರತದಲ್ಲೇ, ಅದರಲ್ಲೂ ಮುಖ್ಯವಾಗಿ ಸೂರತ್ತಿನಲ್ಲಿ.

● ಬಣ್ಣದ ಶ್ರೇಣಿ ಶುರುವಾಗುವುದು 'ಎ'ಯಿಂದಲ್ಲ, 'ಡಿ'ಯಿಂದ. ಅಂಗಡಿಗಳು ಹೆಚ್ಚಾಗಿ ಹೇಳುವುದು ಇ–ಎಫ್ ಬಣ್ಣ, ವಿವಿಎಸ್ ಶುದ್ಧತೆ. ವಿವಿಎಸ್ ಕಲ್ಲಿನ ಚುಕ್ಕೆ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲೂ ಸುಲಭಕ್ಕೆ ಸಿಗದು. ಅದಕ್ಕಿಂತ ಕೆಳಗಿನ ವಿಎಸ್ ಕಲ್ಲಿನದೂ ಸಾಮಾನ್ಯವಾಗಿ ಬರಿಗಣ್ಣಿಗೆ ಬೀಳದು. ಹಳದಿ ಬಂಗಾರದಲ್ಲಿ ಕೂರಿಸುವುದಾದರೆ ಜಿ, ಎಚ್ ಬಣ್ಣ ಧಾರಾಳ ಸಾಕು.

● ಅಂಗಡಿಯ ದೀಪದಡಿ ಗಾಜೂ ಮಿನುಗುತ್ತದೆ. ಬಣ್ಣ ನೋಡಲು ಕರಾವಳಿಯ ಮಳೆಗಾಲದ ಮೋಡದ ಬೆಳಕೇ ಒಳ್ಳೆಯದು. ಕಲ್ಲನ್ನು ಬಾಗಿಲ ಬಳಿ ತಂದು, ಬಿಳಿ ಕಾಗದದ ಮೇಲಿಟ್ಟು, ಮಗ್ಗುಲಿನಿಂದ ನೋಡಿ.

● ಸೊನೆಗಾರಿಕೆ ಕುಲಕಸುಬಾಗಿರುವ ದೈವಜ್ಞ ಬ್ರಾಹ್ಮಣರ ಜ್ಞಾನೇಶ್ವರಿ ಪೀಠ ಇರುವುದು ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ. ಕೂರಿಸಬಲ್ಲ ಕೈಗಳು ಊರಲ್ಲೇ ಇರುವಾಗ ಬಿಡಿ ಕಲ್ಲು ಕೊಂಡು ಒಡವೆ ಮಾಡಿಸಬಹುದು. ಕೂರಿಸಿದ ಮೇಲೆ ಅಂಚಿನ ಸೀಳು ಮರೆಯಾಗುತ್ತದೆ, ತೂಕವೂ ಅಂದಾಜೇ.

● ಹಾಲ್‌ಮಾರ್ಕ್ ಮತ್ತು ಆರಕ್ಷರದ ಎಚ್‌ಯುಐಡಿ ಹೇಳುವುದು ಬಂಗಾರದ ಶುದ್ಧತೆಯನ್ನು ಮಾತ್ರ. ಕಲ್ಲಿಗೆ ಜಿಐಎ, ಐಜಿಐ ಮುಂತಾದ ಪ್ರಯೋಗಾಲಯದ ವರದಿ ಬೇರೆಯೇ ಬೇಕು. ಹಲವು ಕಲ್ಲುಗಳ ನಡುಅಂಚಿನಲ್ಲಿ ವರದಿಯ ಸಂಖ್ಯೆಯನ್ನು ಲೇಸರ್‌ನಿಂದ ಕೆತ್ತಿರುತ್ತಾರೆ. ಮಸೂರ ಕೇಳಿ ಪಡೆದು, ಎರಡೂ ತಾಳೆಯಾಗುತ್ತವೆಯೇ ನೋಡಿ.

● ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ನಿಜವಾದ ಇಂಗಾಲದ ವಜ್ರವೇ. ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲೇ ಅದನ್ನು ಮಾಡಿ ತೋರಿಸಿತು. ಬರಿಗಣ್ಣಿಗೆ ಗುರುತು ಸಿಗದು, ಬೆಲೆ ಗಣಿಯ ವಜ್ರದ ಸಣ್ಣ ಪಾಲು, ಮರುಮಾರಾಟಕ್ಕೆ ಹೋದರೆ ಸಿಗುವುದೂ ಕಡಿಮೆ. ಕೊಂಡದ್ದು ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

● ವಜ್ರದೊಡವೆಗೆ ಜಿಎಸ್‌ಟಿ 3%. ಕೈಯಲ್ಲಿ 1 ಲಕ್ಷವಿದ್ದರೆ ಕಲ್ಲು, ಬಂಗಾರ, ಮಜೂರಿ ಎಲ್ಲ ಸೇರಿ 97,087 ರೂಪಾಯಿಗೆ ನಿಲ್ಲಬೇಕು.

● ದುಡ್ಡು ಸಾಲದೇ? ಮೊದಲು ಶುದ್ಧತೆಯಲ್ಲಿ ಇಳಿಯಿರಿ, ಆಮೇಲೆ ಬಣ್ಣದಲ್ಲಿ, ಕೊನೆಗೆ ತೂಕದಲ್ಲಿ. ಕಲ್ಲು ಕತ್ತರಿಸಿದ ರೀತಿಯಲ್ಲಿ ಮಾತ್ರ ಇಳಿಯಬೇಡಿ. ಹೊಳಪು ಬರುವುದೇ ಅದರಿಂದ.

● ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಗಣಿಯಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಜಲ್ಲಿ, ನೀರು ಹರಿಸಿ, ಅಂಟಿಕೊಂಡ ವಜ್ರಗಳನ್ನು ಆರಿಸುತ್ತಿದ್ದರು. ತೆಂಗಿನೆಣ್ಣೆಯ ನಾಡಿನಲ್ಲಿ ಮೂಗುತಿ ಮಂಕಾಗದೆ ಇದ್ದೀತೇ? ಹಿಂಬದಿ ತೆರೆದ ಒಡವೆಯಾದರೆ ಬೆಚ್ಚಗಿನ ಸೋಪುನೀರು, ಮೆದು ಬ್ರಶ್ ಸಾಕು. ಮುಚ್ಚಿದ್ದಾದರೆ ಸೊನೆಗಾರರ ಕೈಗೆ ಕೊಡಿ. ಹೊಸ ಕಲ್ಲಿಗೆ ದುಡ್ಡು ಹೊಂದಿಸುವ ಮೊದಲು ಅಜ್ಜಿಯ ಮೂಗುತಿಯನ್ನು ಒಮ್ಮೆ ತೊಳೆಸಿ ನೋಡಿ, ಅರ್ಧ ಖರ್ಚು ಅಲ್ಲೇ ಉಳಿದರೂ ಉಳಿದೀತು.